ಬೌದ್ಧ ಮಠಗಳಲ್ಲಿ ಓದು ಅಂದರೆ ಬರೀ ಬಾಯಿಪಾಠವೇ?

ನೀವು ಚಿತ್ರದುರ್ಗದವರು, ಮುಂಡಗೋಡಿನ ಟಿಬೆಟನ್ ಮಠಗಳಲ್ಲಿ ಬರೀ ಮಂತ್ರ ಬಾಯಿಪಾಠ ಮಾಡಿಸುತ್ತಾರಾ, ಕಾಲಕ್ಕೆ ತಕ್ಕಂತೆ ಏನಾದರೂ ಬದಲಾಗಿದೆಯಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಅಲ್ಲಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಬಾಯಿಪಾಠ ಇದೆ, ಚಿಕ್ಕವರಿಗೆ ಜಾಸ್ತಿಯೇ ಇದೆ. ಆದರೆ ಅದು ಬಂಡವಾಳ ಅಷ್ಟೇ. ವ್ಯಾಪಾರ ನಡೆಯುವುದು ಅಂಗಳದಲ್ಲಿ, ಚರ್ಚೆಯಲ್ಲಿ.

ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ಎದುರಿಗೆ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುತ್ತಿದ್ದಂತೆ ಕಾಲು ನೆಲಕ್ಕೆ ಅಪ್ಪಳಿಸಿ, ಚಟ್ ಅಂತ ಒಂದು ಚಪ್ಪಾಳೆ. ಕೂತವನು ತಡ ಮಾಡುವಂತಿಲ್ಲ, ಸುತ್ತಿ ಬಳಸಿ ಹೇಳುವಂತೆಯೂ ಇಲ್ಲ. ಒಪ್ಪಿದೆ ಅನ್ನಬೇಕು, ಇಲ್ಲವೇ ನೀನು ಕೊಟ್ಟ ಕಾರಣವೇ ತಪ್ಪು ಅನ್ನಬೇಕು, ಅಥವಾ ಕಾರಣ ಸರಿ ಇರಬಹುದು, ಅದರಿಂದ ಈ ಮಾತು ಹೊರಡುವುದಿಲ್ಲ ಅನ್ನಬೇಕು. ಈ ಕೊನೆಯ ಉತ್ತರ ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೂ ಬರಬೇಕು ಅಂತ ಅವತ್ತೇ ಅನ್ನಿಸಿತು. ಗೆಶೆ ಅಂದರೆ ಈ ಮಠಗಳ ದೊಡ್ಡ ಪಾಂಡಿತ್ಯದ ಪದವಿ, ಅದಕ್ಕೆ ಹೀಗೆ ಹದಿನೈದು ಇಪ್ಪತ್ತು ವರ್ಷ ಓದಬೇಕು.

ಬದಲಾವಣೆ ಈ ಅಂಗಳದ ಮೂಲಕವೇ ಬಂತು. 2006ರಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯ ದಲೈ ಲಾಮಾ ಅವರ ಜೊತೆ ಸೇರಿ ಭಿಕ್ಷುಗಳಿಗೆ ವಿಜ್ಞಾನ ಕಲಿಸುವ ಯೋಜನೆ ಶುರು ಮಾಡಿತು. ಭೌತಶಾಸ್ತ್ರ, ಜೀವಶಾಸ್ತ್ರ, ಮಿದುಳಿನ ವಿಜ್ಞಾನ ಎಲ್ಲ ಇದೆ. ಕಾರಣ ಕೇಳುವ ಅಭ್ಯಾಸ ಮೊದಲೇ ಇದ್ದವರಿಗೆ ಅದು ಪರಕೀಯ ಅನ್ನಿಸುವುದಿಲ್ಲ, ಅಲ್ವಾ?

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ತುಂಬ ತಡವಾಯಿತು. ಟಿಬೆಟನ್ ಪರಂಪರೆಯಲ್ಲಿ ಪೂರ್ಣ ಭಿಕ್ಷುಣಿ ದೀಕ್ಷೆ ಇರಲಿಲ್ಲ. ದೀಕ್ಷೆ ಇಲ್ಲದೆ ವಿನಯ, ಅಂದರೆ ಸನ್ಯಾಸದ ನಿಯಮಗಳ ಶಾಸ್ತ್ರ, ಪೂರ್ತಿ ಓದುವಂತಿರಲಿಲ್ಲ, ವಿನಯ ಓದದೆ ಪದವಿ ಇರಲಿಲ್ಲ. ಆ ಗಂಟು ಬಿಚ್ಚಿ, 2016ರ ಡಿಸೆಂಬರಿನಲ್ಲಿ ಮುಂಡಗೋಡಿನ ಡ್ರೆಪುಂಗ್ ಮಠದಲ್ಲೇ 20 ಸನ್ಯಾಸಿನಿಯರು ಗೆಶೆಗೆ ಸಮನಾದ ಗೆಶೆಮಾ ಪದವಿ ಪಡೆದರು. ನನಗೆ ಎಲ್ಲಕ್ಕಿಂತ ದೊಡ್ಡ ಸುಧಾರಣೆ ಇದೇ.

1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ನರು ನೆಲೆ ನಿಂತಾಗ ಮುಖ್ಯಮಂತ್ರಿಯಾಗಿದ್ದವರು ನಿಮ್ಮ ದುರ್ಗದ ನಿಜಲಿಂಗಪ್ಪನವರೇ. ಇನ್ನೂ ಹಳೆಯ ನಂಟು ಬೇಕಾದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅಶೋಕ ಅಲ್ಲಿನ ಬಂಡೆಯ ಮೇಲೆ ಬರೆಸಿದ್ದಾನೆ.

ಮುಂಡಗೋಡಿಗೆ ಹಾವೇರಿ, ಬಂಕಾಪುರದ ಮೇಲೆ ಹೋಗಬಹುದು. ನಮಗೆ ಪರ್ಮಿಟ್ ಏನೂ ಬೇಡ. ನಾನು ಎರಡು ಸಲವೂ ಚರ್ಚೆ ನೋಡಿದ್ದು ಸಂಜೆ ಹೊತ್ತು. ಅಂಗಳದ ಅಂಚಿನಲ್ಲಿ ಸುಮ್ನೆ ಕೂತು ನೋಡಿ, ನನಗಂತೂ ಯಾರೂ ಏನೂ ಅನ್ನಲಿಲ್ಲ.