ಮನೆಯಿಂದ ಕೆಲಸ ಮಾಡುವ ಖರ್ಚಿಗೆ ಕಂಪನಿ ಕೊಡುವ ಹಣಕ್ಕೆ ತೆರಿಗೆ ಕಟ್ಟಬೇಕೇ?

ಹಣ ಯಾವ ರೂಪದಲ್ಲಿ ಬರುತ್ತದೆ ಎಂಬುದರ ಮೇಲಿದೆ. ಬಿಲ್ ತೋರಿಸಿ ಪಡೆದ ಮರುಪಾವತಿಗೆ ಸಾಮಾನ್ಯವಾಗಿ ತೆರಿಗೆಯಿಲ್ಲ: ಕಂಪನಿಯ ಕೆಲಸಕ್ಕೆ ನೀವು ಹಾಕಿದ ದುಡ್ಡು ವಾಪಸ್ ಬಂತು, ಆದಾಯವೇನೂ ಹುಟ್ಟಲಿಲ್ಲ. ಲೆಕ್ಕ ಕೇಳದೆ ತಿಂಗಳಿಗಿಷ್ಟು ಎಂದು ಕೊಡುವ ಭತ್ಯೆಯನ್ನು ಮಾತ್ರ ಬಹುತೇಕ ಸಂಬಳವೆಂದೇ ಎಣಿಸುತ್ತಾರೆ.

ಜಗಳವಾಗುವುದು ವಿದ್ಯುತ್ ಬಿಲ್ಲಿನಲ್ಲಿ. ಇಡೀ ಬಿಲ್ ಕೊಟ್ಟರೆ ತಿರಸ್ಕರಿಸುತ್ತಾರೆ, ಅದು ಸರಿಯೇ. ಕೆಲಸದ ಪಾಲು ಬೇರ್ಪಡಿಸಿ. ಲ್ಯಾಪ್‌ಟಾಪ್, ಮಾನಿಟರ್ ಸೇರಿ 100 ವ್ಯಾಟ್ ಅಂದರೆ, ದಿನಕ್ಕೆ 8 ಗಂಟೆಯಂತೆ 22 ದಿನಕ್ಕೆ 17.6 ಯೂನಿಟ್, ಅಷ್ಟೇ.

ಕಂಪನಿ ಏನೂ ಕೊಡದಿದ್ದರೆ ಕೆಲವು ದೇಶಗಳಲ್ಲಿ ತೆರಿಗೆ ಲೆಕ್ಕ ಹಾಕುವ ಆದಾಯದಿಂದ ಕಡಿತವುಂಟು. ಜರ್ಮನಿಯಲ್ಲಿ 2023ರಿಂದ ದಿನಕ್ಕೆ 6 ಯೂರೋ, ವರ್ಷಕ್ಕೆ ಹೆಚ್ಚೆಂದರೆ 1,260. ಕೈಗೆ ಉಳಿಯುವುದು ಅಷ್ಟಲ್ಲ: ತೆರಿಗೆ ದರ ಶೇ. 30 ಇದ್ದರೆ ಹೆಚ್ಚೆಂದರೆ 378 ಯೂರೋ.