ನೂರಕ್ಕೆ ನೂರು ಬಿಡಿಸುತ್ತೇವೆ ಅನ್ನುವವರನ್ನು ನಂಬಬಹುದಾ?

ಪ್ರಶ್ನೆ: ನನ್ನ ಅಣ್ಣನಿಗೆ ಕುಡಿತ ವಿಪರೀತವಾಗಿದೆ. ಬೆಳಿಗ್ಗೆ ಒಂದು ಗುಟುಕು ಹಾಕದಿದ್ದರೆ ಕೈ ನಡುಗಿ ನೀರಿನ ಲೋಟವೂ ಹಿಡಿಯಲಾಗುವುದಿಲ್ಲ. ಯಾವಾಗಲೂ ಮಂಕಾಗಿರುತ್ತಾನೆ. ಕುಡಿತ ಬಿಡಿಸುತ್ತೇವೆ ಅನ್ನುವ ಮೂರು ಕಡೆ ಫೋನ್ ಮಾಡಿದೆ. ಒಬ್ಬರು ನೂರಕ್ಕೆ ನೂರು ಗ್ಯಾರಂಟಿ ಅಂದರು. ಇನ್ನೊಬ್ಬರು ಸೇರಿಸಿದ ಮೇಲೆ ಒಂದು ತಿಂಗಳು ಮನೆಯವರು ಮಾತಾಡುವಂತಿಲ್ಲ ಅಂದರು. ಮೂರನೆಯವರ ಹತ್ತಿರ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ಇದೆಯಂತೆ. ಯಾರನ್ನು ನಂಬಲಿ?

ಉತ್ತರ: ಮೂರನೆಯವರನ್ನು ಮೊದಲು ಬಿಡಿ. ಅಂಥ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಡೈಸಲ್ಫಿರಾಮ್ ಕೂಡ ಇರಬಹುದು. ಅದು ವೈದ್ಯರೇ ಕೊಡುವ ಔಷಧಿ, ಸರಿ, ಆದರೆ ಕುಡಿಯುವವರು ತಿಳಿದು ಒಪ್ಪಿ ತೆಗೆದುಕೊಳ್ಳಬೇಕಾದದ್ದು, ಯಾಕೆಂದರೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಗಾಬರಿ ತಂದದ್ದು ಆ ಕೈ ನಡುಕ. ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಅಂತ ಅದರರ್ಥ. ಇಂಥವರನ್ನು ರೂಮಿನಲ್ಲಿ ಕೂಡಿ ಹಾಕಿ ಕುಡಿತ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಜ್ವರ, ಬೆವರು, ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಅಂತಲೇ ತಿಳಿಯದಿರುವುದು ಶುರುವಾಗುತ್ತದೆ, ಆಗ ಆಸ್ಪತ್ರೆಯೇ ಬೇಕು. ಅದಕ್ಕೇ ಹೇಳುವುದು, ತೋಟ, ಯೋಗದ ಹಾಲ್, ಬಿಳಿ ಹಾಸಿಗೆ ಎಲ್ಲ ಆಮೇಲೆ ನೋಡಿ. ಮೊದಲು ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ ಅಂತ ಕೇಳಿ. ಡಾಕ್ಟರಾ, ನರ್ಸಾ, ಬರೀ ವಾಚ್‌ಮ್ಯಾನಾ? ಸೇರಿಸಿಕೊಂಡ ದಿನ ಡಾಕ್ಟರ್ ಪರೀಕ್ಷೆ ಮಾಡುತ್ತಾರಾ, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರಾ? ಇದಕ್ಕೆ ತಡವರಿಸಿದರೆ ಫೋನ್ ಇಟ್ಟುಬಿಡಿ.

ಗ್ಯಾರಂಟಿಯವರಿಗೆ ಒಂದೇ ಪ್ರಶ್ನೆ ಸಾಕು: ಹೊರಗೆ ಬಂದ ಮೇಲೆ ಮತ್ತೆ ಕುಡಿದರೆ ಏನು ಮಾಡುತ್ತೀರಿ? ಮತ್ತೆ ಶುರುವಾಗುವುದು ಈ ಕಾಯಿಲೆಯಲ್ಲಿ ಮಾಮೂಲಿ, ಅನುಭವ ಇರುವವರು ಅದನ್ನು ಮುಚ್ಚಿಡುವುದಿಲ್ಲ. ‘ನಮ್ಮಲ್ಲಿ ಹಾಗೆ ಆಗೋದೇ ಇಲ್ಲ’ ಅಂದರೆ ಸುಳ್ಳು. ‘ಬುದ್ಧಿ ಕಲಿಸುತ್ತೇವೆ’ ಅಂದರೆ ಅಲ್ಲಿ ಹೊಡೆತ ಬೀಳುತ್ತದೆ ಅಂತಲೇ ನನ್ನ ಅನುಮಾನ. ತಿಂಗಳುಗಟ್ಟಲೆ ಮನೆಯವರ ಜೊತೆ ಮಾತೇ ಆಡಲು ಬಿಡದವರ ಮೇಲೂ ನನಗೆ ಇದೇ ಸಂಶಯ.

ಕುಡಿತ ನಿಲ್ಲಿಸಿದಾಗ ಬರುವ ನಡುಕ, ಬೆವರು ಇಳಿಯಲು ಸಾಮಾನ್ಯವಾಗಿ ಒಂದು ವಾರ ಸಾಕು. ನಿಜವಾದ ಕೆಲಸ ಆಮೇಲಿನ ತಿಂಗಳುಗಳದ್ದು. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತರಹದ ಮಾತ್ರೆಗಳಿವೆ, ಜೊತೆಗೆ ಕೌನ್ಸೆಲಿಂಗ್. ಮಂಕಾಗಿರುತ್ತಾನೆ ಅಂದಿರಲ್ಲ, ಅದು ಖಿನ್ನತೆಯಾ ಅಂತಲೂ ಒಟ್ಟಿಗೇ ನೋಡುವವರು ಬೇಕು. ಕುಡಿತ ಬಿಡಲು ಹೊರಟವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಂದ ತುಂಬಾ ಜನರಿಗೆ ಉಪಯೋಗವಾಗಿದೆ, ದುಡ್ಡೂ ಕೇಳುವುದಿಲ್ಲ, ಆದರೆ ಫಿಟ್ಸ್ ತಡೆಯುವ ಕೆಲಸ ಅವರದಲ್ಲ. ಅಂದಹಾಗೆ, ಅಣ್ಣ ಕುಡಿದಿಲ್ಲದ ಹೊತ್ತು ನೋಡಿ ಅವನನ್ನೇ ಕೇಳಿದ್ದೀರಾ? ಎಲ್ಲಿಗೆ ಹೋಗೋಣ ಅಂತ ಅವನೂ ಹೇಳಲಿ.

ಪ್ರಶ್ನೆ: ನಾಲ್ಕು ಸಲ ಕೌನ್ಸೆಲರ್ ಹತ್ತಿರ ಹೋದೆ. ಏನೂ ಹಗುರ ಅನಿಸಲಿಲ್ಲ. ಮನೋವೈದ್ಯರ ಹತ್ತಿರ ಹೋಗಬೇಕಾ?

ಉತ್ತರ: ಮೊದಲು ಆ ಕೌನ್ಸೆಲರ್‌ಗೇ ಹೇಳಿ. ಒಳ್ಳೆಯವರು ಮುನಿಸಿಕೊಳ್ಳುವುದಿಲ್ಲ, ದಾರಿ ಬದಲಿಸುತ್ತಾರೆ ಅಥವಾ ಬೇರೆಯವರ ಹೆಸರು ಕೊಡುತ್ತಾರೆ. ನಿದ್ದೆ, ಹಸಿವು ಕೆಟ್ಟಿದ್ದರೆ, ಕೆಲಸ ನಿಂತುಹೋಗಿದ್ದರೆ ಮನೋವೈದ್ಯರನ್ನು ಕಾಣಿ. ಖಿನ್ನತೆಯ ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಒಂದೇ ವಾರಕ್ಕೆ ಕೆಲಸ ಮಾಡಲಿಲ್ಲ ಅಂತ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಯಾರನ್ನಾದರೂ ಕರೆದುಕೊಂಡು ಇವತ್ತೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.