ಬಾಗಿಲು ತೆರೆದಿದ್ದರೆ ಸಾಕು, ಮಗ ಹೊರಟುಬಿಡುತ್ತಾನೆ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಮೂರೂವರೆ ವರ್ಷದವನಿದ್ದಾಗ ವೈದ್ಯರು ಆಟಿಸಂ ಎಂದು ಹೇಳಿದರು. ಅವನಿಗೆ ಮಾತಿಲ್ಲ, ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದು ಅಪರೂಪ. ಎರಡು ತಿಂಗಳ ಹಿಂದೆ ಮನೆಯಿಂದ ಹೊರಟವನು ಭದ್ರಾ ನಾಲೆಯ ಏರಿಯ ಮೇಲೆ ಸಿಕ್ಕಿದ. ಕಳೆದ ತಿಂಗಳು ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಗೇಟು ತೆಗೆದುಕೊಂಡು ಹೋಗಿದ್ದ. ಒಂದೂವರೆ ಗಂಟೆ ಹುಡುಕಿದ ಮೇಲೆ ರೈಲ್ವೆ ಗೇಟಿನ ಹತ್ತಿರ ಕಂಡ. ಮಂಡಕ್ಕಿ ಮಾರುವವರೊಬ್ಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. "ಯಾರ ಮಗ ಅಂತ ಗೊತ್ತಾಗಲಿಲ್ಲಮ್ಮ, ಎಷ್ಟು ಕೇಳಿದರೂ ಹೇಳಲಿಲ್ಲ" ಎಂದರು. ಅಂದಿನಿಂದ ನಮ್ಮ ಯಜಮಾನರು ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ. ನಾನು ಅಡುಗೆಮನೆಯಲ್ಲಿರುವಾಗ ಅತ್ತೆಯವರು ಹಳೆಯ ಸೀರೆಯಿಂದ ಅವನನ್ನು ಕಿಟಕಿಯ ಸರಳಿಗೆ ಕಟ್ಟುತ್ತಾರೆ. ಅಕ್ಕಪಕ್ಕದವರಿಗೆ ತಿಳಿದರೆ ದೊಡ್ಡ ಮಗಳ ಮದುವೆಗೆ ತೊಂದರೆಯಾಗುತ್ತದೆ, ಯಾರಿಗೂ ಹೇಳಬೇಡ ಎನ್ನುತ್ತಾರೆ. ನಾನು ಸರಿಯಾಗಿ ನೋಡಿಕೊಳ್ಳದೆ ಹೀಗಾಯಿತೆ? ಏನು ಮಾಡಲಿ?
ಹೆಸರು ಬೇಡ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಕೊನೆಯ ಪ್ರಶ್ನೆಗಿಂತ ಮೊದಲು ಅದರ ಹಿಂದಿನದಕ್ಕೆ ಉತ್ತರಿಸುತ್ತೇನೆ. ಇಲ್ಲ, ಇದು ನಿಮ್ಮ ಅಲಕ್ಷ್ಯದಿಂದ ಆದದ್ದಲ್ಲ. ಅಮೆರಿಕದಲ್ಲಿ ಆಟಿಸಂ ಇರುವ ಮಕ್ಕಳ ಕುಟುಂಬಗಳನ್ನು ಕೇಳಿ ನಡೆಸಿದ ಒಂದು ಅಧ್ಯಯನ 2012ರಲ್ಲಿ 'ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದರ ಪ್ರಕಾರ, 4 ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋಗಲು ಯತ್ನಿಸಿದ ಮಕ್ಕಳು ಸುಮಾರು ಅರ್ಧದಷ್ಟು; ಮನೆಯವರು ಕಂಗಾಲಾಗುವಷ್ಟು ಹೊತ್ತು ಕಾಣೆಯಾದವರು ನಾಲ್ಕನೆಯ ಒಂದು ಭಾಗ. ಅದೇ ಮನೆಗಳಲ್ಲಿ, ಅದೇ ತಾಯಂದಿರು ಬೆಳೆಸಿದ, ಆಟಿಸಂ ಇಲ್ಲದ ಒಡಹುಟ್ಟಿದವರಲ್ಲಿ ಈ ಪ್ರಮಾಣ ಬಹಳ ಕಡಿಮೆಯಿತ್ತು. ಬಟ್ಟೆ ಒಣಹಾಕಲು ಹೋದ ಐದು ನಿಮಿಷವನ್ನು ನೀವು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿಹಾಕುವುದನ್ನು ದಯವಿಟ್ಟು ನಿಲ್ಲಿಸಿ.

ಕಟ್ಟುವುದನ್ನೂ ಹೊರಗಿನ ಬೀಗವನ್ನೂ ಇಂದೇ ಬಿಡಬೇಕು. ನಿಮ್ಮ ಅತ್ತೆಯವರು ಭಯದಿಂದ ಹಾಗೆ ಮಾಡುತ್ತಿದ್ದಾರೆಂಬುದು ನನಗೆ ಅರ್ಥವಾಗುತ್ತದೆ. ಆದರೆ ಸೊಂಟಕ್ಕೆ ಕಟ್ಟಿದ ಸೀರೆ ಅವನು ಕಿಟಕಿ ಹತ್ತಿ ಜಾರಿದರೆ ಪ್ರಾಣಕ್ಕೇ ಎರವಾಗಬಹುದು. ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿದರೆ, ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿ ನೀವು ಮೂವರೂ ಸಿಕ್ಕಿಬೀಳುತ್ತೀರಿ. ಬಾಗಿಲಿನ ಒಳಗಡೆಯೇ, ಅವನ ಕೈಗೆಟುಕದಷ್ಟು ಮೇಲೆ ಇನ್ನೊಂದು ಚಿಲಕ ಹಾಕಿಸಿ. ಗೇಟಿಗೂ ಮಾಳಿಗೆಯ ಬಾಗಿಲಿಗೂ ಗಂಟೆ ಕಟ್ಟಿ, ಅಥವಾ ಬಾಗಿಲು ತೆರೆದೊಡನೆ ಸದ್ದು ಮಾಡುವ ಸಣ್ಣ ಅಲಾರಂ ಅಂಟಿಸಿ. ಇವು ಮಗುವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ನಿಮಗೆ ಸುಳಿವು ಕೊಡುತ್ತವೆ, ಬೇಕಾಗಿರುವುದೂ ಅದೇ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಅವನು ಸಿಕ್ಕ ಎರಡು ಜಾಗಗಳು. ಒಂದು ಕಡೆ ಹರಿಯುವ ನೀರು, ಇನ್ನೊಂದು ಕಡೆ ಓಡುವ ರೈಲು. 'ಓಡಿಹೋದ' ಎಂದು ನಾವು ಹೇಳುತ್ತೇವೆ. ಆದರೆ ಇಂಥ ಮಕ್ಕಳಲ್ಲಿ ಹಲವರು ಮನೆಯನ್ನು ಬಿಟ್ಟು ಹೋಗುವುದಿಲ್ಲ, ತಮಗೆ ಬೇಕಾದ ಯಾವುದೋ ಒಂದರ ಕಡೆಗೆ ಹೋಗುತ್ತಾರೆ. ಬೇಕು ಎಂದು ಹೇಳಲು ಬಾಯಿಲ್ಲದವನು ಕಾಲಿನಿಂದ ಹೇಳುತ್ತಾನೆ. ಇನ್ನು ಕೆಲವರು ಸಹಿಸಲಾಗದ್ದರಿಂದ ತಪ್ಪಿಸಿಕೊಳ್ಳಲು ಹೊರಡುತ್ತಾರೆ: ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಮನೆ ತುಂಬಿದ ನೆಂಟರು. ನಿಮ್ಮವನದು ಯಾವುದು ಎಂದು ತಿಳಿಯಲು ಒಂದು ನೋಟ್‌ಬುಕ್ ಇಡಿ. ಅವನು ಬಾಗಿಲ ಕಡೆ ಹೋದಾಗಲೆಲ್ಲ ಗಂಟೆ ಎಷ್ಟು, ಅದಕ್ಕೆ ಮೊದಲು ಮನೆಯಲ್ಲಿ ಏನು ನಡೆದಿತ್ತು ಎಂದು ಎರಡೇ ಸಾಲು ಬರೆಯಿರಿ. ರೈಲು ನೋಡುವ ಆಸೆಯೇ ನಿಜವಾದರೆ, ಅದನ್ನು ನೀವೇ ಪೂರೈಸಿ. ದಿನವೂ ಒಂದೇ ಹೊತ್ತಿಗೆ, ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ಕೈಹಿಡಿದು ನಿಲ್ದಾಣಕ್ಕೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿ. ಮನೆಯಲ್ಲಿ ರೈಲಿನ ಚಿತ್ರವೊಂದನ್ನು ಅವನ ಕೈಗೆಟುಕುವಂತೆ ತೂಗುಹಾಕಿ, ಹೋಗಬೇಕೆನಿಸಿದಾಗ ಅದನ್ನು ತಂದು ನಿಮ್ಮ ಕೈಗೆ ಕೊಡುವುದನ್ನು ಕಲಿಸಿ. ತಿಂಗಳುಗಟ್ಟಲೆ ಬೇಕಾದೀತು, ಆದರೆ ಚಿಲಕಕ್ಕಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ.

ನಾಲೆಯ ವಿಷಯದಲ್ಲಿ ಮಾತ್ರ ನನಗೆ ನಿಜವಾದ ಭಯವಿದೆ. ಕಾಣೆಯಾದ ಇಂಥ ಮಕ್ಕಳಿಗೆ ವಾಹನಗಳಷ್ಟೇ ದೊಡ್ಡ ಅಪಾಯ ನೀರು. ಅದರಲ್ಲೂ ನಮ್ಮ ನಾಲೆಗಳಿಗೆ ಬೇಸಿಗೆ ಬೆಳೆಗೆ ನೀರು ಬಿಡುವುದು ಸರದಿಯಲ್ಲಿ. ಕೆಲವು ದಿನ ತಳ ಕಾಣುತ್ತದೆ, ಕೆಲವು ದಿನ ದಡ ಮುಟ್ಟಿ ಹರಿಯುತ್ತದೆ. ಹೋದ ವಾರ ಒಣಗಿದ್ದ ಜಾಗಕ್ಕೆ ಈ ವಾರವೂ ಅವನು ಅದೇ ಧೈರ್ಯದಿಂದ ಇಳಿದಾನು. ಆದ್ದರಿಂದ ಅವನು ಕಾಣದಿದ್ದರೆ ಮಂಚದ ಕೆಳಗೆ, ಪಕ್ಕದ ಬೀದಿಯಲ್ಲಿ ಹುಡುಕುತ್ತ ಹೊತ್ತು ಕಳೆಯದೆ, ಒಬ್ಬರು ನೇರವಾಗಿ ನಾಲೆಗೆ, ಇನ್ನೊಬ್ಬರು ರೈಲ್ವೆ ಗೇಟಿಗೆ ಹೋಗಬೇಕು. ಮನೆಯಲ್ಲಿ ಉಳಿದವರು 112ಕ್ಕೆ ಕರೆ ಮಾಡಬೇಕು. ಮಕ್ಕಳ ಸಹಾಯವಾಣಿ 1098, ರೈಲ್ವೆಯದು 139. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಆದೇಶಿಸಿದೆ. ಅವನಿಗೆ ಈಜು ಕಲಿಸುವ ಅನುಕೂಲವಿದ್ದರೆ ಖಂಡಿತ ಕಲಿಸಿ. ಈಜು ಬಂದಿತೆಂದು ಕಾವಲು ಸಡಿಲಿಸಬೇಡಿ.

ಅವನ ಅಂಗಿಯ ಒಳಗೆ, ಬೆನ್ನಿನ ಕಡೆ ಅವನ ಕೈಗೆ ಸಿಗದ ಜಾಗದಲ್ಲಿ, ಎರಡು ಮೊಬೈಲ್ ಸಂಖ್ಯೆ ಬರೆದ ಬಟ್ಟೆಯ ಪಟ್ಟಿಯನ್ನು ಹೊಲಿಯಿರಿ. ಕೊರಳಿಗೆ ದಾರ ಬೇಡ, ಅದು ಎಲ್ಲಿಯಾದರೂ ಸಿಕ್ಕಿಕೊಳ್ಳಬಹುದು. ಆಧಾರ್ ಚಿಕ್ಕಂದಿನಲ್ಲಿ ಮಾಡಿಸಿದ್ದರೆ ಅದರಲ್ಲಿ ಫೋಟೊ ಮಾತ್ರ ಇರುತ್ತದೆ. 5 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಸೇರಿಸಬೇಕು. ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಹೆಸರು, ಊರು ಹೇಳಲಾರದ ಎಷ್ಟೋ ಮಕ್ಕಳು ವರ್ಷಗಳ ನಂತರ ಬೆರಳಚ್ಚಿನ ಆಧಾರದಿಂದಲೇ ಮನೆ ಸೇರಿದ್ದಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಮಾತಿನ ತರಬೇತಿ ಇವುಗಳಿಗಾಗಿ ನಿಮ್ಮ ಊರಿನಲ್ಲೇ ಇರುವ, ಸಿಆರ್‌ಸಿ ಎಂದು ಕರೆಯುವ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಗುಟ್ಟಿನ ವಿಷಯ. ಮಂಡಕ್ಕಿಯವರು ಹೇಳಿದ ಮಾತನ್ನು ಮತ್ತೊಮ್ಮೆ ಓದಿಕೊಳ್ಳಿ: ಯಾರ ಮಗ ಅಂತ ಗೊತ್ತಾಗಲಿಲ್ಲ. ಗೊತ್ತಿದ್ದರೆ ಆ ಒಂದೂವರೆ ಗಂಟೆ ಹತ್ತು ನಿಮಿಷವಾಗುತ್ತಿತ್ತು. ನಿಮ್ಮ ಬೀದಿಯ ಕಿರಾಣಿ ಅಂಗಡಿಯವರು, ಹಾಲಿನವರು, ಆಟೊ ನಿಲ್ದಾಣದವರು, ರೈಲ್ವೆ ಗೇಟಿನವರು, ನಾಲೆಯ ಪಕ್ಕದ ಗದ್ದೆಯವರು ಇವನನ್ನು ಒಬ್ಬನೇ ನಡೆದುಹೋಗುವಾಗ ನೋಡಿಯೇ ಇರುತ್ತಾರೆ. ನೋಡಿ ಸುಮ್ಮನಾಗಿರುತ್ತಾರೆ, ಏಕೆಂದರೆ ಅವನು ಒಬ್ಬನೇ ಹೋಗಬಾರದ ಹುಡುಗನೆಂದು ಅವರಿಗೆ ಯಾರೂ ಹೇಳಿಲ್ಲ. ಮಗಳ ಮದುವೆಯ ಬಗ್ಗೆ ಅತ್ತೆಯವರಿಗಿರುವ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ತಮ್ಮನಿರುವುದನ್ನು ಮುಚ್ಚಿಟ್ಟು ಮಾಡಿದ ಸಂಬಂಧದಲ್ಲಿ ಆ ಹುಡುಗಿ ಜೀವನಪೂರ್ತಿ ಹೆದರಿಕೊಂಡೇ ಇರಬೇಕಾಗುತ್ತದೆ ಎಂದು ಅವರಿಗೆ ಸಮಾಧಾನದಿಂದ ಹೇಳಿ ನೋಡಿ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. "ಇವನು ನನ್ನ ಮೊಮ್ಮಗ, ಒಬ್ಬನೇ ಕಂಡರೆ ಕೈಹಿಡಿದು ನಿಲ್ಲಿಸಿ" ಎಂದು ಅಜ್ಜಿಯೇ ಹೇಳಿದರೆ ಬೀದಿಯವರು ಅದನ್ನು ಮರೆಯುವುದಿಲ್ಲ.

ಒಂದು ಹಾಳೆಯಲ್ಲಿ ಅವನ ಫೋಟೊ, ನಿಮ್ಮ ಸಂಖ್ಯೆಗಳು ಮತ್ತು ಇಷ್ಟನ್ನು ಬರೆಯಿರಿ: ಮಾತು ಬಾರದು, ಕರೆದರೆ ತಿರುಗುವುದಿಲ್ಲ, ಕೂಗಿ ಅಟ್ಟಿಸಿಕೊಂಡು ಹೋಗಬೇಡಿ, ರೈಲು ಮತ್ತು ನೀರಿನ ಕಡೆ ಹೋಗುತ್ತಾನೆ, ಮಂಡಕ್ಕಿ ಕೊಟ್ಟರೆ ಕೂರುತ್ತಾನೆ. ಒಂದು ಪ್ರತಿಯನ್ನು ಠಾಣೆಯಲ್ಲಿ ನಿಮ್ಮ ಬಡಾವಣೆಯ ಬೀಟ್ ಪೊಲೀಸರಿಗೆ ಕೊಡಿ. ಆದರೆ ಮೊದಲ ಪ್ರತಿಯನ್ನು, ಮಗನನ್ನೂ ಕರೆದುಕೊಂಡು ಹೋಗಿ, ಆ ಮಂಡಕ್ಕಿಯವರಿಗೇ ಕೊಡಿ.